ಮೊದಲ ಆರ್‌ಸಿ ವಿಮಾನ: ಯಾವ ಕಿಟ್, ಯಾವ ಮೋಟಾರು, ಯಾವ ಅಂಟು?

ಆರ್‌ಸಿ, ಅಂದರೆ ರೇಡಿಯೊದಿಂದ ನಿಯಂತ್ರಿಸುವ ವಿಮಾನದ ಕಿಟ್ ಹುಡುಕಲು ಕೂತವರ ಕಣ್ಣು ಮೊದಲು ಹೋಗುವುದು ಪೆಟ್ಟಿಗೆಯ ಮೇಲಿನ ಚಿತ್ರದ ಕಡೆಗೆ. ಸ್ಪಿಟ್‌ಫೈರ್, ಮಸ್ಟಾಂಗ್, ಚೂಪು ಮೂತಿಯ ಜೆಟ್. ಆಸೆ ಆಗುವುದು ಸಹಜ. ಆದರೆ ಮೊದಲ ವಿಮಾನವನ್ನು ಚಿತ್ರ ನೋಡಿ ಆರಿಸಬೇಡಿ. ಎರಡು ಪ್ರಶ್ನೆ ಕೇಳಿಕೊಳ್ಳಿ. ಕಟ್ಟಿ ಮುಗಿದು ಬ್ಯಾಟರಿ ಹಾಕಿದ ಮೇಲೆ ಇದು ಎಷ್ಟು ತೂಗುತ್ತದೆ? ಬಿದ್ದು ಮುರಿದರೆ ನಾನೇ ಸರಿ ಮಾಡಬಲ್ಲೆನಾ? ಮರವೋ ಫೋಮೋ, ಮೋಟಾರೋ ಎಂಜಿನ್ನೋ, ರೆಕ್ಕೆಗೆ ಬೋಲ್ಟ್ ಹಾಕೋದಾ ರಬ್ಬರ್ ಬ್ಯಾಂಡ್ ಬಿಗಿಯೋದಾ, ಹೆಚ್ಚುಕಡಿಮೆ ಎಲ್ಲದಕ್ಕೂ ಉತ್ತರ ಇಲ್ಲಿಂದಲೇ ಸಿಗುತ್ತದೆ.

ತೂಕದ ಬಗ್ಗೆ ಇಷ್ಟು ಒತ್ತಿ ಹೇಳಲು ಕಾರಣ ಇದೆ. 1.4 ಮೀಟರ್ ಉದ್ದ, 23 ಸೆಂಟಿಮೀಟರ್ ಅಗಲದ ರೆಕ್ಕೆ ಅಂದುಕೊಳ್ಳಿ. ವಿಸ್ತೀರ್ಣ ಸುಮಾರು 32 ಚದರ ಡೆಸಿಮೀಟರ್. ವಿಮಾನ 1.3 ಕಿಲೋ ಇದ್ದರೆ ಪ್ರತಿ ಚದರ ಡೆಸಿಮೀಟರ್ ರೆಕ್ಕೆಯ ಮೇಲೆ 40 ಗ್ರಾಂ ಹೊರೆ ಬೀಳುತ್ತದೆ. ಕಲಿಯುವವರಿಗೆ ಇದು ಒಳ್ಳೆಯ ಸಂಖ್ಯೆ. ಅದೇ ವಿಮಾನ ಜಾಸ್ತಿ ಅಂಟು, ದೊಡ್ಡ ಬ್ಯಾಟರಿ, ಬೇಡದ ಅಲಂಕಾರ ಎಲ್ಲ ಸೇರಿ 1.8 ಕಿಲೋ ಆಯಿತು ಅನ್ನಿ. ಆಗ ಹೊರೆ 56 ಗ್ರಾಂ. ಗಾಳಿಯಲ್ಲಿ ನಿಲ್ಲಲು ಬೇಕಾದ ಕನಿಷ್ಠ ವೇಗ ಸುಮಾರು ಶೇ 18 ಏರುತ್ತದೆ. ತೂಕವೂ ಏರಿದೆ, ವೇಗವೂ ಏರಿದೆ, ಹಾಗಾಗಿ ನೆಲಕ್ಕೆ ಬಡಿಯುವಾಗಿನ ಶಕ್ತಿ ಹತ್ತಿರ ಹತ್ತಿರ ಎರಡು ಪಟ್ಟು. ಅರ್ಧ ಕಿಲೋದಿಂದ ಇಷ್ಟೆಲ್ಲ! ಭಾರದ ವಿಮಾನ ಹಾರಿಸುವವರಿಗೂ ಕಷ್ಟ, ಸುತ್ತ ನಿಂತವರಿಗೂ ಅಪಾಯ.

ತೂಕ ಕಾನೂನಿಗೂ ಸಂಬಂಧಪಟ್ಟ ವಿಷಯ. ಹಲವು ದೇಶಗಳಲ್ಲಿ 250 ಗ್ರಾಂ ದಾಟಿದರೆ ನೋಂದಣಿಯಂಥ ನಿಯಮ ಶುರುವಾಗುತ್ತದೆ, ಸುಮಾರು 120 ಮೀಟರ್ ಎತ್ತರದ ಮಿತಿ ಇರುತ್ತದೆ, ವಿಮಾನ ನಿಲ್ದಾಣದ ಸುತ್ತ ಹಾರಿಸುವಂತಿಲ್ಲ. ನೀವಿರುವ ಕಡೆಯ ನಿಯಮವನ್ನು ಕಿಟ್ ಕೊಳ್ಳುವ ಮೊದಲೇ ನೋಡಿ, ಕಟ್ಟಿ ಮುಗಿದ ಮೇಲೆ ಅಲ್ಲ.

ಎಷ್ಟು ಕೆಲಸ ನಿಮ್ಮದು?

ಪೂರ್ತಿ ಕಿಟ್ ಅಂದರೆ ಕತ್ತರಿಸಿಟ್ಟ ಮರದ ಹಾಳೆಗಳು, ಕಡ್ಡಿಗಳು, ಒಂದು ದೊಡ್ಡ ನಕ್ಷೆ. ಉಳಿದದ್ದೆಲ್ಲ ನೀವೇ. ಎಆರ್‌ಎಫ್ ಅಂದರೆ ರೆಕ್ಕೆ, ಒಡಲು ಕಟ್ಟಿ ಹೊದಿಕೆ ಹಾಕಿಯೇ ಬರುತ್ತದೆ, ನೀವು ಜೋಡಿಸಿ ಎಲೆಕ್ಟ್ರಾನಿಕ್ಸ್ ಕೂರಿಸಬೇಕು. ಆರ್‌ಟಿಎಫ್ ಅಂದರೆ ಬ್ಯಾಟರಿ ಚಾರ್ಜ್ ಮಾಡಿ ಹಾರಿಸುವುದಷ್ಟೇ.

ಹಾರಿಸುವುದೇ ಗುರಿ, ಕಟ್ಟುವುದರಲ್ಲಿ ಆಸಕ್ತಿ ಇಲ್ಲ ಅಂದರೆ ಆರ್‌ಟಿಎಫ್ ತಗೊಳ್ಳಿ, ಅದರಲ್ಲಿ ತಪ್ಪೇನೂ ಇಲ್ಲ. ಎಆರ್‌ಎಫ್‌ನದು ಮಧ್ಯದ ದಾರಿ, ಆದರೆ ನನ್ನ ಮಟ್ಟಿಗೆ ಮೊದಲ ವಿಮಾನಕ್ಕೆ ಅದು ಅಷ್ಟು ಹೊಂದುವುದಿಲ್ಲ. ಒಳಗೆ ಏನಿದೆ, ಯಾವ ಜೋಡಣೆಗೆ ಎಷ್ಟು ಅಂಟು ಬಿದ್ದಿದೆ ಅನ್ನೋದು ನಿಮಗೆ ಕಾಣುವುದಿಲ್ಲ. ಮುರಿದಾಗ ಹೊದಿಕೆ ಕಿತ್ತು ಮೊದಲ ಬಾರಿಗೆ ಒಳಗಿನ ಚೌಕಟ್ಟು ನೋಡಬೇಕು. ಪೂರ್ತಿ ಕಿಟ್ ಕಟ್ಟಿದವರಿಗೆ ಪ್ರತಿ ರಿಬ್ (ರೆಕ್ಕೆಗೆ ಆಕಾರ ಕೊಡುವ ಅಡ್ಡಪಟ್ಟಿ) ಎಲ್ಲಿದೆ, ಸ್ಪಾರ್ (ರೆಕ್ಕೆಯ ಉದ್ದಕ್ಕೂ ಹೋಗುವ ತೊಲೆ) ಎಲ್ಲಿಗೆ ಮುಗಿಯುತ್ತದೆ ಎಂದು ಕೈಗೇ ಗೊತ್ತಿರುತ್ತದೆ, ನಕ್ಷೆಯೂ ಮನೆಯಲ್ಲಿರುತ್ತದೆ, ಮುರಿದ ರಿಬ್ಬನ್ನು ಅದರ ಮೇಲೆ ಇಟ್ಟು ಹೊಸದನ್ನು ಕತ್ತರಿಸಿಕೊಳ್ಳಬಹುದು.

ಕಿಟ್ ತಗೊಳ್ಳುವಾಗ ಲೇಸರ್‌ನಲ್ಲಿ ಕತ್ತರಿಸಿದ್ದಾ, ಡೈ (ಕತ್ತರಿಸುವ ಅಚ್ಚು) ಒತ್ತಿ ಕತ್ತರಿಸಿದ್ದಾ ನೋಡಿ. ಹಳೆಯ ಡೈ ಕಿಟ್‌ಗಳಲ್ಲಿ ಮರ ಜಜ್ಜಿಹೋಗಿ ಅಂಚು ಸೀಳಿರುವುದು ಮಾಮೂಲು. ಲೇಸರ್‌ನದ್ದು ಕರಾರುವಾಕ್ಕಾಗಿ ಕೂರುತ್ತದೆ. ಅಂಚು ಸುಟ್ಟು ಕಪ್ಪಾಗಿರುತ್ತದೆ, ಅಂಟು ಚೆನ್ನಾಗಿ ಹಿಡಿಯಲು ಉಪ್ಪುಕಾಗದದಿಂದ ಹಗುರವಾಗಿ ಒಮ್ಮೆ ಉಜ್ಜಿದರೆ ಸಾಕು.

ಬಾಲ್ಸಾ, ಫೋಮ್

ಫೋಮ್‌ನಲ್ಲಿ ಒಂದೇ ಜಾತಿ ಇಲ್ಲ. ಇಪಿಪಿ ರಬ್ಬರಿನಂತೆ ಬಾಗುತ್ತದೆ, ಬಿದ್ದರೂ ಬಹಳ ಸಲ ಏನೂ ಆಗುವುದಿಲ್ಲ, ಆದರೆ ಬಾಗುವ ಗುಣದಿಂದಾಗಿ ಅದಕ್ಕೆ ಕಾರ್ಬನ್ ಕಡ್ಡಿಯ ಆಸರೆ ಬೇಕು. ಇಪಿಒ ಇನ್ನೂ ಗಟ್ಟಿ, ನಯ, ಅಂಗಡಿಯಲ್ಲಿ ಸಿಗುವ ಹೆಚ್ಚಿನ ಫೋಮ್ ವಿಮಾನಗಳು ಇದರವೇ. ಇಪಿಎಸ್ ಅಂದರೆ ಪ್ಯಾಕಿಂಗ್‌ನಲ್ಲಿ ಬರುವ ಬಿಳಿ ಥರ್ಮೋಕೋಲ್. ಹಗುರ, ಆದರೆ ಬೇಗ ಮುರಿಯುತ್ತದೆ. ಸಾಮಾನ್ಯ ಸಿಎ ಅಂಟು (ಕ್ಷಣದಲ್ಲಿ ಹಿಡಿಯುವ ಸೂಪರ್ ಗ್ಲೂ) ತಾಗಿದರೆ ಕರಗಿ ಗುಂಡಿ ಬೀಳುತ್ತದೆ, ಹಾಗಾಗಿ ಅದಕ್ಕೆ ಫೋಮ್‌ಗೆಂದೇ ಮಾಡಿದ ಅಂಟೇ ಆಗಬೇಕು. ಇಪಿಪಿ, ಇಪಿಒಗಳಿಗೆ ಆ ತೊಂದರೆ ಇಲ್ಲ. ಯಾವುದೇ ಆದರೂ ಒಂದು ತುಂಡಿನ ಮೇಲೆ ಒಂದು ಹನಿ ಹಾಕಿ ನೋಡಿಯೇ ಮುಂದುವರಿಯಿರಿ.

ಬಾಲ್ಸಾ ಮರದ ವಿಮಾನ ಕಟ್ಟಲು ವಾರಗಟ್ಟಲೆ ಹಿಡಿಯುತ್ತದೆ. ಸಮತಟ್ಟಾದ ಹಲಗೆ, ಗುಂಡುಸೂಜಿ, ಚೂಪಾದ ಬ್ಲೇಡು, ತಾಳ್ಮೆ ಎಲ್ಲ ಬೇಕು. ಬಿದ್ದರೆ ಮುರಿಯುತ್ತದೆ, ಅನುಮಾನವೇ ಬೇಡ. ಆದರೆ ಮುರಿದ ತುಂಡಿನ ಜಾಗಕ್ಕೆ ಹೊಸ ತುಂಡು ಕೂರಿಸಿದರೆ ಅದು ಮತ್ತೆ ಮೊದಲಿನಷ್ಟೇ ಗಟ್ಟಿ, ಮೊದಲಿನಷ್ಟೇ ನೇರ. ಫೋಮ್ ಹಾಗಲ್ಲ. ಪ್ರತಿ ಸಲ ಅಂಟಿಸಿದಾಗ ಸ್ವಲ್ಪ ಸೊಟ್ಟಗಾಗುತ್ತದೆ, ಸ್ವಲ್ಪ ತೂಕ ಏರುತ್ತದೆ, ಹಲವು ರಿಪೇರಿಗಳಾದ ಮೇಲೆ ಅದು ಬೇರೆಯದೇ ವಿಮಾನದಂತೆ ಹಾರತೊಡಗುತ್ತದೆ.

ಹತ್ತಿರದಲ್ಲಿ ಕಲಿಸುವವರು ಯಾರೂ ಇಲ್ಲ, ಒಬ್ಬರೇ ಕಲಿಯಬೇಕು ಅಂದರೆ ಮೊದಲು ಫೋಮ್ ಟ್ರೈನರ್ (ಕಲಿಯುವವರ ವಿಮಾನ) ಹಾರಿಸುತ್ತಾ, ಅದರ ಜೊತೆಜೊತೆಗೇ ಬಾಲ್ಸಾ ಕಿಟ್ ಕಟ್ಟಿ. ಕಲಿಸುವವರು ಇದ್ದರೆ ನೇರವಾಗಿ ಬಾಲ್ಸಾಕ್ಕೆ ಹೋಗಿ. ನನಗೆ ಬಾಲ್ಸಾ ಹೆಚ್ಚು ಇಷ್ಟ, ಅದನ್ನು ಮುಚ್ಚಿಡುವುದಿಲ್ಲ. ಕಟ್ಟುತ್ತಾ ಕಟ್ಟುತ್ತಾ ವಿಮಾನ ಹೇಗೆ ಹಾರುತ್ತದೆ ಅನ್ನೋದೂ ಅರ್ಥವಾಗುತ್ತಾ ಹೋಗುತ್ತದೆ.

ಬಾಲ್ಸಾದಲ್ಲೂ ಎಲ್ಲ ಹಾಳೆ ಒಂದೇ ಅಲ್ಲ. ಪೆಟ್ಟಿಗೆ ಬಿಚ್ಚಿದ ತಕ್ಷಣ ಹಾಳೆಗಳನ್ನು ಒಂದೊಂದಾಗಿ ಕೈಯಲ್ಲಿ ಹಿಡಿದು ತೂಕ, ಬಿಗಿ ನೋಡಿ. ಅಡ್ಡಕ್ಕೆ ಸುಲಭವಾಗಿ ಸುತ್ತಿಕೊಳ್ಳುವ ಹಾಳೆ ರೆಕ್ಕೆಯ ಮುಂಭಾಗದ ಬಾಗಿದ ಹೊದಿಕೆಗೆ ಒಳ್ಳೆಯದು. ಮೈಮೇಲೆ ಮಚ್ಚೆ ಮಚ್ಚೆ ಹೊಳಪು ಕಾಣುವ, ಬಾಗದ ಹಾಳೆ ರಿಬ್‌ಗಳಿಗೆ ಸರಿ. ಬಾಲದ ಭಾಗಕ್ಕೆ ಇರುವುದರಲ್ಲೇ ಹಗುರವಾದದ್ದನ್ನು ಇಡಿ. ಬಾಲದಲ್ಲಿ ಜಾಸ್ತಿಯಾದ ಒಂದೊಂದು ಗ್ರಾಮಿಗೂ ಮೂತಿಯಲ್ಲಿ ಎರಡು ಮೂರು ಗ್ರಾಂ ಸೀಸ ತುಂಬಬೇಕಾಗುತ್ತದೆ, ಯಾಕೆಂದರೆ ಬಾಲ ಸಮತೋಲನದ ಬಿಂದುವಿನಿಂದ ಅಷ್ಟು ದೂರ ಇರುತ್ತದೆ.

ಆಕಾರ

ಇದರಲ್ಲಿ ಹೆಚ್ಚು ಚರ್ಚೆ ಬೇಡ. ರೆಕ್ಕೆ ಒಡಲಿನ ಮೇಲಿರಬೇಕು, ತುದಿಗಳು ಸ್ವಲ್ಪ ಮೇಲಕ್ಕೆ ಬಾಗಿರಬೇಕು, ಕೆಳಮೈ ಚಪ್ಪಟೆ ಇರಬೇಕು, ಉದ್ದ 1.2ರಿಂದ 1.6 ಮೀಟರ್ ಒಳಗಿರಲಿ. ಅದಕ್ಕಿಂತ ಚಿಕ್ಕದನ್ನು ಗಾಳಿ ಎತ್ತಿ ಬಿಸಾಡುತ್ತದೆ, ದೂರ ಹೋದರೆ ಯಾವ ಕಡೆಗೆ ತಿರುಗಿದೆ ಅಂತ ಕಣ್ಣಿಗೆ ಕಾಣುವುದಿಲ್ಲ. ಕೆಳರೆಕ್ಕೆಯ ಯುದ್ಧವಿಮಾನ ಮೂರನೆಯದೋ ನಾಲ್ಕನೆಯದೋ ಆಗಲಿ.

ಒಂದೊಂದು ನಿಯಂತ್ರಣಕ್ಕೂ ರೇಡಿಯೊದಲ್ಲಿ ಒಂದು ಚಾನೆಲ್ ಬೇಕು. ಮೂರು ಚಾನೆಲ್‌ನದ್ದರಲ್ಲಿ ರಡರ್ (ಮೂತಿಯನ್ನು ಎಡಕ್ಕೆ ಬಲಕ್ಕೆ ತಿರುಗಿಸುವ ಬಾಲದ ಪಟ್ಟಿ), ಎಲಿವೇಟರ್ (ಮೂತಿಯನ್ನು ಮೇಲೆ ಕೆಳಗೆ ಮಾಡುವ ಬಾಲದ ಪಟ್ಟಿ), ಥ್ರಾಟಲ್ (ಮೋಟಾರಿನ ವೇಗ) ಇರುತ್ತವೆ. ನಾಲ್ಕನೆಯದು ಏಲರಾನ್, ವಿಮಾನವನ್ನು ಪಕ್ಕಕ್ಕೆ ವಾಲಿಸುವ ರೆಕ್ಕೆಯ ಹಿಂದಂಚಿನ ಪಟ್ಟಿ. ಮೂರರದ್ದು ಕಟ್ಟಲು ಸುಲಭ, ಕೈ ಬಿಟ್ಟರೆ ತಾನೇ ನೆಟ್ಟಗಾಗುತ್ತದೆ, ಆದರೆ ಅಡ್ಡಗಾಳಿಯಲ್ಲಿ ಒದ್ದಾಡುತ್ತದೆ. ಕಲಿಸುವವರಿದ್ದರೆ ನಾಲ್ಕರದ್ದೇ ತಗೊಳ್ಳಿ, ಯಾಕೆಂದರೆ ಮುಂದಿನ ಎಲ್ಲ ವಿಮಾನಕ್ಕೂ ಬಲಗೈ ಕಲಿಯಬೇಕಾದದ್ದು ಅದನ್ನೇ.

ರೆಕ್ಕೆ ಕಟ್ಟುವುದು ರಬ್ಬರ್ ಬ್ಯಾಂಡಿನಿಂದಲೋ ನೈಲಾನ್ ಬೋಲ್ಟಿನಿಂದಲೋ? ಬೋಲ್ಟ್ ನೋಡಲು ಅಚ್ಚುಕಟ್ಟು, ಪ್ರತಿ ಸಲ ಒಂದೇ ಜಾಗಕ್ಕೆ ಕೂರುತ್ತದೆ. ರಬ್ಬರ್ ಬ್ಯಾಂಡ್ ನೋಡಲು ಚೆನ್ನಾಗಿಲ್ಲ. ಆದರೆ ರೆಕ್ಕೆಯ ತುದಿ ನೆಲಕ್ಕೆ ತಾಗಿದಾಗ ಅದು ಜಾರಿ ಬಿಟ್ಟುಕೊಡುತ್ತದೆ, ಇಡೀ ಒಡಲು ಸೀಳುವುದು ತಪ್ಪುತ್ತದೆ. ಮೊದಲ ವಿಮಾನಕ್ಕೆ ರಬ್ಬರ್ ಬ್ಯಾಂಡ್. ಎರಡು ಬ್ಯಾಂಡುಗಳನ್ನು ಕೊನೆಗೆ ಅಡ್ಡಡ್ಡ, ಗುಣಾಕಾರದ ಗುರುತಿನಂತೆ ಹಾಕಿದರೆ ಉಳಿದವು ಜಾರುವುದಿಲ್ಲ.

ಮೋಟಾರು, ಎಂಜಿನ್ನು

ಗ್ಲೋ ಎಂಜಿನ್ನಿನ ಸದ್ದು, ವಾಸನೆ ಇಷ್ಟಪಡುವವರು ಇನ್ನೂ ಇದ್ದಾರೆ, ಅವರ ಪ್ರೀತಿ ನನಗೆ ಅರ್ಥವಾಗುತ್ತದೆ. ಇಂಧನ ತುಂಬಿದರೆ ಮತ್ತೆ ಹಾರಾಟಕ್ಕೆ ಸಿದ್ಧ, ಚಾರ್ಜ್ ಆಗಲಿ ಅಂತ ಕಾಯಬೇಕಿಲ್ಲ. ಆದರೆ ಅದರ ಇಂಧನ ಮುಖ್ಯವಾಗಿ ಮೆಥನಾಲ್. ಅದು ವಿಷ, ಹೊತ್ತಿಕೊಂಡರೆ ಹಗಲು ಬೆಳಕಿನಲ್ಲಿ ಜ್ವಾಲೆ ಸರಿಯಾಗಿ ಕಾಣುವುದೂ ಇಲ್ಲ. ಹೊಗೆಯ ಜೊತೆ ಬರುವ ಎಣ್ಣೆ ಮರಕ್ಕೆ ಇಳಿದರೆ ಅಂಟು ಬಿಡುತ್ತದೆ, ಆದ್ದರಿಂದ ಎಂಜಿನ್ ಮತ್ತು ಟ್ಯಾಂಕ್ ಇರುವ ಜಾಗಕ್ಕೆಲ್ಲ ತೆಳುವಾಗಿ ಎಪಾಕ್ಸಿ (ಎರಡು ದ್ರವ ಕಲಸಿ ಮಾಡುವ ಅಂಟು) ಬಳಿಯಬೇಕು. ಎಂಜಿನ್ನಿನ ಸೂಜಿ (ಇಂಧನ ಎಷ್ಟು ಹೋಗಬೇಕೆಂದು ಹೊಂದಿಸುವ ತಿರುಪು) ತಿರುಗಿಸಿ ಇಂಧನ ಗಾಳಿಯ ಮಿಶ್ರಣ ಹೊಂದಿಸುವುದನ್ನು ಓಡುತ್ತಿರುವ ಪ್ರೊಪೆಲ್ಲರ್ ಪಕ್ಕದಲ್ಲೇ ಕಲಿಯಬೇಕು. ಪಕ್ಕದಲ್ಲಿ ನಿಂತು ಹೇಳಿಕೊಡುವವರು ಇಲ್ಲದಿದ್ದರೆ ಬೇಡ.

ಎಲೆಕ್ಟ್ರಿಕ್ ಆದರೆ ಲೆಕ್ಕ ಸರಳ. ಟ್ರೈನರ್‌ಗೆ ಪ್ರತಿ ಕಿಲೋಗೆ 150ರಿಂದ 200 ವ್ಯಾಟ್ ಸಾಕು. ನಮ್ಮ 1.3 ಕಿಲೋ ವಿಮಾನಕ್ಕೆ 195ರಿಂದ 260 ವ್ಯಾಟ್ ಆಯಿತು. 3 ಸೆಲ್ ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿ 11.1 ವೋಲ್ಟ್, ಹಾಗಾದರೆ ಕರೆಂಟ್ ಸುಮಾರು 18ರಿಂದ 23 ಆಂಪಿಯರ್. ಸ್ಪೀಡ್ ಕಂಟ್ರೋಲರ್ (ಮೋಟಾರಿನ ವೇಗ ಹೊಂದಿಸುವ ಸಾಧನ) ಇದಕ್ಕಿಂತ ಕಾಲು ಭಾಗವಾದರೂ ಜಾಸ್ತಿ ತಾಳುವಂಥದ್ದಿರಲಿ, ಅಂದರೆ 30 ಅಥವಾ 40 ಆಂಪಿಯರ್‌ನದ್ದು. 2200 ಮಿಲಿಆಂಪಿಯರ್ ಅವರ್ ಬ್ಯಾಟರಿಯಲ್ಲಿ ಶೇ 80 ಮಾತ್ರ ಬಳಸಿ, ಸರಾಸರಿ 10 ಆಂಪಿಯರ್ ಎಳೆದರೆ 10 ನಿಮಿಷ ಸಿಗುತ್ತದೆ. ಟೈಮರ್ ಅನ್ನು ಮೊದಮೊದಲು 6 ನಿಮಿಷಕ್ಕೆ ಇಡಿ. ಕಿಟ್ಟಿನವರು ಹೇಳಿದ ಮೋಟಾರು ಬಿಟ್ಟು ಬೇರೆ ಹಾಕಿದರೆ, ಪ್ರೊಪೆಲ್ಲರನ್ನೂ ಆ ಮೋಟಾರಿಗೆ ಹೇಳಿದ ಅಳತೆಯದ್ದೇ ಹಾಕಬೇಕು. ದೊಡ್ಡದು ಹಾಕಿದರೆ ಎಳೆಯುವ ಕರೆಂಟ್ ತುಂಬ ಏರಿ ಕಂಟ್ರೋಲರ್ ಸುಟ್ಟುಹೋಗಬಹುದು. ವ್ಯಾಟ್ ಮೀಟರ್ ಇದ್ದರೆ ನೆಲದ ಮೇಲೇ ಅಳೆದು ನೋಡಿ.

ಲಿಪೊ ಬಗ್ಗೆ ಮಾತ್ರ ಉದಾಸೀನ ಬೇಡವೇ ಬೇಡ. ಪ್ರತಿ ಸೆಲ್ ಪೂರ್ತಿ ತುಂಬಿದಾಗ 4.2 ವೋಲ್ಟ್, 3 ವೋಲ್ಟಿಗಿಂತ ಕೆಳಗೆ ಇಳಿದರೆ ಕೆಡುತ್ತದೆ. ಹಾರಿಸದೆ ಇಡುವಾಗ 3.8ಕ್ಕೆ ತಂದು ಇಡಬೇಕು. ಬ್ಯಾಲೆನ್ಸ್ ಚಾರ್ಜರಿನಲ್ಲೇ ಚಾರ್ಜ್ ಮಾಡಿ, 2200ರ ಬ್ಯಾಟರಿಗೆ 2.2 ಆಂಪಿಯರ್ ದರ ಸಾಕು. ಚಾರ್ಜ್ ಆಗುವಾಗ ಅಲ್ಲೇ ಇರಿ, ಹತ್ತಿರ ಬಟ್ಟೆ ಕಾಗದ ಏನೂ ಇರಬಾರದು, ರಾತ್ರಿ ಹಾಕಿ ಮಲಗುವಂತಿಲ್ಲ. ಉಬ್ಬಿದ ಬ್ಯಾಟರಿ, ಬಿದ್ದು ನೆಗ್ಗಿದ ಬ್ಯಾಟರಿ ಎರಡನ್ನೂ ಮತ್ತೆ ಬಳಸಬೇಡಿ. ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಡಬೇಡಿ.

ಅಂಟಿನ ಆಯ್ಕೆ

ಒಂದೇ ಅಂಟಿನಲ್ಲಿ ಇಡೀ ವಿಮಾನ ಕಟ್ಟಲು ಹೋಗುವವರು ಬಹಳ. ಅದು ಸರಿಯಲ್ಲ, ಪ್ರತಿ ಜೋಡಣೆಗೂ ಅದರದೇ ಅಂಟು ಇದೆ.

ತೆಳು ಸಿಎ ನೀರಿನಂತೆ ಹರಿಯುತ್ತದೆ. ಎರಡು ತುಂಡುಗಳನ್ನು ಮೊದಲೇ ಬಿಗಿಯಾಗಿ ಸೇರಿಸಿಟ್ಟು ಸಂದಿಗೆ ಒಂದು ಹನಿ ಬಿಟ್ಟರೆ ಒಳಗೆ ಎಳೆದುಕೊಂಡು ಕ್ಷಣದಲ್ಲಿ ಗಟ್ಟಿ. ರಿಬ್ಬು ಸ್ಪಾರು ಜೋಡಿಸಲು ಇದಕ್ಕಿಂತ ವೇಗ ಬೇರೆ ಇಲ್ಲ. ತುಂಡುಗಳು ಸರಿಯಾಗಿ ಕೂರದೆ ನಡುವೆ ಜಾಗ ಉಳಿದಿದ್ದರೆ ಮಾತ್ರ ತೆಳುವಿನಿಂದ ಪ್ರಯೋಜನ ಇಲ್ಲ, ದಪ್ಪ ಸಿಎ ಬೇಕು. ಇದರ ಆವಿ ಕಣ್ಣು ಮೂಗು ಉರಿಸುತ್ತದೆ, ಮುಖವನ್ನು ಅದರ ನೇರ ಮೇಲೆ ಇಡಬೇಡಿ, ಕಿಟಕಿ ತೆರೆದಿರಲಿ, ಕನ್ನಡಕ ಹಾಕಿ. ಚೆಲ್ಲಿದರೆ ಹತ್ತಿ ಬಟ್ಟೆಯಿಂದ ಒರೆಸಬಾರದು. ಹತ್ತಿಯ ಜೊತೆ ಸೇರಿ ಅದು ಕೈ ಸುಡುವಷ್ಟು ಬಿಸಿಯಾಗುತ್ತದೆ, ಹೊಗೆಯೂ ಬರಬಹುದು. ಬೆರಳು ಅಂಟಿಕೊಂಡರೆ ಎಳೆಯಬೇಡಿ, ಬೆಚ್ಚನೆ ಸೋಪಿನ ನೀರಿನಲ್ಲಿ ಅದ್ದಿ ನಿಧಾನಕ್ಕೆ ಬಿಡಿಸಿ.

ಮರಗೆಲಸದ ಬಿಳಿ ಅಥವಾ ಹಳದಿ ಅಂಟು ನಿಧಾನ. ಅರ್ಧ ಗಂಟೆಯೋ ಒಂದು ಗಂಟೆಯೋ ಒತ್ತಿ ಹಿಡಿದಿರಬೇಕು, ಪೂರ್ತಿ ಗಟ್ಟಿಯಾಗಲು ಒಂದು ರಾತ್ರಿ. ಆದರೆ ಒಂದು ಕಡೆ ಇದು ಸಿಎಯನ್ನು ಪೂರ್ತಿ ಸೋಲಿಸುತ್ತದೆ. ಎರಡು ಹಾಳೆಗಳನ್ನು ಅಂಚಿಗೆ ಅಂಚು ಸೇರಿಸಿ ಆಮೇಲೆ ಉಜ್ಜಿ ನಯ ಮಾಡಬೇಕಲ್ವಾ? ಸಿಎ ಬಾಲ್ಸಾಕ್ಕಿಂತ ತುಂಬ ಗಟ್ಟಿ, ಉಪ್ಪುಕಾಗದ ಅಕ್ಕಪಕ್ಕದ ಮರವನ್ನು ತಿನ್ನುತ್ತದೆ, ಅಂಟಿನ ಗೆರೆ ಏರಿಯಂತೆ ಎದ್ದು ನಿಲ್ಲುತ್ತದೆ, ಹೊದಿಕೆ ಹಾಕಿದ ಮೇಲೂ ಅದು ಕಾಣುತ್ತದೆ. ಹಳದಿ ಅಂಟು ಮರದ ಜೊತೆಗೇ ಸವೆಯುತ್ತದೆ. ನೀರಿನ ಅಂಶ ಇರುವುದರಿಂದ ಜಾಸ್ತಿ ಹಚ್ಚಿದರೆ ತೆಳು ಹಾಳೆ ಸೊಟ್ಟಗಾಗುತ್ತದೆ, ಅಷ್ಟು ನೋಡಿಕೊಳ್ಳಿ.

ಎಪಾಕ್ಸಿ ಭಾರ. ಅದನ್ನು ಕಡಿಮೆ ಕಡೆ, ಆದರೆ ತಪ್ಪದೆ ಹಾಕಬೇಕಾದ ಕಡೆ ಹಾಕಿ: ಮೋಟಾರು ಕೂರುವ ಫೈರ್‌ವಾಲ್, ಎರಡು ರೆಕ್ಕೆ ಸೇರುವ ಮಧ್ಯದ ಪ್ಲೈವುಡ್ ಪಟ್ಟಿ, ಚಕ್ರದ ಕಂಬಿ ಕೂರುವ ಹಲಗೆ. ಈ ಮೂರು ಕಡೆ 5 ನಿಮಿಷದ ಎಪಾಕ್ಸಿ ಬೇಡ, 30 ನಿಮಿಷದ್ದೇ ಹಾಕಿ, ಅದು ಹೆಚ್ಚು ಗಟ್ಟಿ, ಹೊಂದಿಸಿ ಕೂರಿಸಲು ಸಮಯವೂ ಸಿಗುತ್ತದೆ. ಫೈರ್‌ವಾಲ್ ಹಿಂದಿನ ಮೂಲೆಗಳಿಗೆ ತ್ರಿಕೋನದ ಮರದ ಕಡ್ಡಿ ಸೇರಿಸಿ ಅಂಟಿಸಿ. ಹಾರಾಟದಲ್ಲಿ ಮೋಟಾರು ಕಿತ್ತು ಬಂದರೆ ಏನಾಗುತ್ತದೆ ಅಂತ ಯೋಚಿಸಿದರೆ ಈ ಕೆಲಸಕ್ಕೆ ಎಷ್ಟು ಹೊತ್ತು ಕೊಟ್ಟರೂ ಜಾಸ್ತಿ ಅನಿಸುವುದಿಲ್ಲ. ಎಪಾಕ್ಸಿ ಕಲಸುವಾಗ ನೈಟ್ರೈಲ್ ಕೈಗವಸು ಬೇಕೇ ಬೇಕು. ಬರಿಗೈಗೆ ಪದೇ ಪದೇ ತಾಗಿದರೆ ಅಲರ್ಜಿ ಬರಬಹುದು, ಒಮ್ಮೆ ಬಂದರೆ ಅದು ಸುಮ್ನೆ ಹೋಗುವಂಥದ್ದಲ್ಲ.

ಬಾಲ್ಸಾ ಉಜ್ಜುವಾಗ ಏಳುವ ಧೂಳು ತುಂಬ ಸಣ್ಣದು. ಎನ್95 ಮಾಸ್ಕ್ ಹಾಕಿ.

ಹೊದಿಕೆ, ರೇಡಿಯೊ

ಹೊದಿಕೆಗೆ ಇಸ್ತ್ರಿ ಮಾಡಿ ಅಂಟಿಸುವ ಪಾಲಿಯೆಸ್ಟರ್ ಫಿಲ್ಮ್ ಒಂದು ದಾರಿ, ತೆಳು ಕಾಗದದ ಮೇಲೆ ಡೋಪ್ (ಒಣಗಿದಾಗ ಕಾಗದವನ್ನು ಬಿಗಿಮಾಡುವ ದ್ರವ) ಬಳಿಯುವುದು ಇನ್ನೊಂದು. ಡೋಪ್ ಸುಂದರ, ಹಗುರ, ಆದರೆ ಅದರ ಆವಿಗೆ ಬೇಗ ಬೆಂಕಿ ಹತ್ತುತ್ತದೆ, ಮನೆಯೊಳಗೆ ಬಳಿಯುವಂಥದ್ದಲ್ಲ. ಫಿಲ್ಮ್ ಸಾಕು. ಮೇಲ್ಮೈಗೂ ಕೆಳಮೈಗೂ ಬೇರೆ ಬೇರೆ ಗಾಢ ಬಣ್ಣ ಹಾಕಿ, ಆಕಾಶದಲ್ಲಿ ವಿಮಾನ ಯಾವ ಕಡೆ ಮುಖ ಮಾಡಿದೆ ಅಂತ ಗೊತ್ತಾಗಬೇಕು. ಫಿಲ್ಮ್ ಬಿಗಿ ಮಾಡುವಾಗ ರೆಕ್ಕೆ ತಿರುಚಿಕೊಳ್ಳಬಹುದು, ಎರಡೂ ಕಡೆ ಸಮನಾಗಿ ಬಿಸಿ ಕೊಡುತ್ತಾ ಹೋಗಿ, ಕೊನೆಗೆ ಹಿಂದಿನಿಂದ ಒಂದು ಕಣ್ಣು ಮುಚ್ಚಿ ನೋಡಿ.

ರೇಡಿಯೊದಲ್ಲಿ ಈಗ 2.4 ಗಿಗಾಹರ್ಟ್ಸ್‌ನವೇ ಎಲ್ಲ ಕಡೆ. 6 ಚಾನೆಲ್ ಇರುವುದನ್ನು ತಗೊಳ್ಳಿ, ವಿಮಾನ ಬದಲಾದರೂ ಇದು ಉಳಿಯುತ್ತದೆ. ಮೋಡ್ 1ರಲ್ಲಿ ಥ್ರಾಟಲ್ ಬಲಗೈಗೆ, ಮೋಡ್ 2ರಲ್ಲಿ ಎಡಗೈಗೆ. ನಿಮಗೆ ಕಲಿಸುವವರು ಯಾವುದು ಬಳಸುತ್ತಾರೋ ಅದೇ ನಿಮ್ಮದೂ ಇರಲಿ, ಅಗತ್ಯ ಬಿದ್ದಾಗ ಅವರು ಕೈಗೆತ್ತಿಕೊಳ್ಳಬಹುದು. ವಿಮಾನದೊಳಗಿನ ರಿಸೀವರಿನ ಎರಡು ಆಂಟೆನಾ ಒಂದಕ್ಕೊಂದು ಲಂಬಕೋನದಲ್ಲಿರಲಿ, ಕಾರ್ಬನ್ ಕಡ್ಡಿ ಮತ್ತು ಬ್ಯಾಟರಿಯಿಂದ ದೂರ ಇರಲಿ.

ಕಟ್ಟುವ ಕ್ರಮ

ಮೊದಲ ದಿನ ಅಂಟಿನ ಬಾಟಲಿ ತೆಗೆಯಲೇಬೇಡಿ. ತುಂಡುಗಳನ್ನು ಪಟ್ಟಿಯ ಜೊತೆ ಹೋಲಿಸಿ, ಪೆನ್ಸಿಲಿನಲ್ಲಿ ಗುರುತು ಹಾಕಿ, ಕೈಪಿಡಿಯನ್ನು ಕೊನೆಯ ಪುಟದವರೆಗೆ ಓದಿ. ಸರ್ವೋ (ಎಲಿವೇಟರ್, ಏಲರಾನ್‌ಗಳನ್ನು ಆಡಿಸುವ ಪುಟ್ಟ ಮೋಟಾರು), ಬ್ಯಾಟರಿ, ಮೋಟಾರು ಎಲ್ಲ ಕೈಗೆ ಬಂದಮೇಲೆ ಶುರು ಮಾಡುವುದು ಒಳ್ಳೆಯದು, ಇಲ್ಲದಿದ್ದರೆ ಒಡಲು ಮುಚ್ಚಿದ ಮೇಲೆ ಬ್ಯಾಟರಿ ಒಳಗೆ ಹೋಗುವುದಿಲ್ಲ ಅಂತ ಗೊತ್ತಾಗುತ್ತದೆ. ನಕ್ಷೆಯನ್ನು ನೇರವಾದ ಹಲಗೆಯ ಮೇಲೆ ಹರಡಿ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ, ತುಂಡು ನಕ್ಷೆಗೆ ಅಂಟುವುದಿಲ್ಲ. ಹಲಗೆ ಸೊಟ್ಟಗಿದ್ದರೆ ರೆಕ್ಕೆಯೂ ಸೊಟ್ಟಗೇ ಆಗುತ್ತದೆ. ಪ್ರತಿ ಜೋಡಣೆಯನ್ನೂ ಮೊದಲು ಅಂಟಿಲ್ಲದೆ ಕೂರಿಸಿ ನೋಡಿ. ಏಲರಾನ್, ಎಲಿವೇಟರ್‌ಗಳ ಕೀಲು ಕೂರಿಸಿದ ಮೇಲೆ ಒಂದೊಂದನ್ನೂ ಬೆರಳಿನಲ್ಲಿ ಹಿಡಿದು ಗಟ್ಟಿಯಾಗಿ ಎಳೆಯಿರಿ. ಕಿತ್ತು ಬರುವುದಿದ್ದರೆ ಮೇಜಿನ ಮೇಲೇ ಬರಲಿ.

ಎಲೆಕ್ಟ್ರಾನಿಕ್ಸ್ ಹೊಂದಿಸುವಷ್ಟು ಹೊತ್ತೂ ಪ್ರೊಪೆಲ್ಲರ್ ಹಾಕಬಾರದು. ಒಂದು ನಿಮಿಷದ ಕೆಲಸ ಇದ್ದರೂ ಅಷ್ಟೇ. ಆನ್ ಮಾಡುವಾಗ ಥ್ರಾಟಲ್ ಕೆಳಗಿಳಿಸಿ ಮೊದಲು ಟ್ರಾನ್ಸ್‌ಮಿಟರ್ (ಕೈಯಲ್ಲಿ ಹಿಡಿಯುವ ರೇಡಿಯೊ), ಆಮೇಲೆ ವಿಮಾನದ ಬ್ಯಾಟರಿ. ಆಫ್ ಮಾಡುವಾಗ ಇದು ಉಲ್ಟಾ. ಫೇಲ್‌ಸೇಫ್ (ರೇಡಿಯೊ ಸಂಪರ್ಕ ತಪ್ಪಿದರೆ ಮೋಟಾರು ತಾನೇ ನಿಲ್ಲುವ ವ್ಯವಸ್ಥೆ) ಪರೀಕ್ಷೆಯೂ ಈಗಲೇ ಆಗಬೇಕು: ಮೋಟಾರು ನಿಧಾನಕ್ಕೆ ತಿರುಗುತ್ತಿರುವಾಗ ಟ್ರಾನ್ಸ್‌ಮಿಟರ್ ಆಫ್ ಮಾಡಿ, ಮೋಟಾರು ನಿಲ್ಲಲೇಬೇಕು. ನಿಲ್ಲದಿದ್ದರೆ ಕೈಪಿಡಿ ತೆಗೆದು ಸರಿ ಮಾಡಿ, ಅಲ್ಲಿಯವರೆಗೆ ಅದು ಹಾರುವಂತಿಲ್ಲ.

ಸಮತೋಲನದ ಬಿಂದುವನ್ನು ನಕ್ಷೆಯಲ್ಲಿ ಗುರುತು ಮಾಡಿರುತ್ತಾರೆ. ಸಾಮಾನ್ಯ ರೆಕ್ಕೆಗೆ ಅದು ಮುಂದಿನ ಅಂಚಿನಿಂದ ಅಗಲದ ಶೇ 25ರಿಂದ 30ರ ಒಳಗೆ ಬರುತ್ತದೆ, 23 ಸೆಂಟಿಮೀಟರ್ ಅಗಲಕ್ಕೆ ಸುಮಾರು 5.8ರಿಂದ 6.9 ಸೆಂಟಿಮೀಟರ್. ಬ್ಯಾಟರಿ ಹಾಕಿಯೇ ನೋಡಬೇಕು. ಮೊದಲ ಹಾರಾಟಕ್ಕೆ ಮುಂದಿನ ಕೊನೆಗೆ ಇರಲಿ. ಮೂತಿ ಸ್ವಲ್ಪ ಭಾರ ಇದ್ದರೆ ವಿಮಾನ ಸೋಮಾರಿಯಾಗಿ ಹಾರುತ್ತದೆ ಅಷ್ಟೇ, ಬಾಲ ಭಾರ ಇದ್ದರೆ ಎಲಿವೇಟರ್ ಮುಟ್ಟಿದ್ದಕ್ಕೆಲ್ಲ ಹುಚ್ಚಾಗಿ ಮೇಲೆದ್ದು ಕೈ ತಪ್ಪುತ್ತದೆ. ಮೊದಲು ಬ್ಯಾಟರಿಯನ್ನೇ ಹಿಂದೆ ಮುಂದೆ ಸರಿಸಿ ನೋಡಿ, ಸೀಸ ತುಂಬುವುದು ಕೊನೆಯ ದಾರಿ.

ಮೈದಾನದಲ್ಲಿ ವಿಮಾನದ ಹಿಂದೆ ನಿಂತು ಸ್ಟಿಕ್ ಬಲಕ್ಕೆ ತಳ್ಳಿ. ಬಲಗಡೆಯ ಏಲರಾನ್ ಮೇಲೇಳಬೇಕು. ಸ್ಟಿಕ್ ನಿಮ್ಮ ಕಡೆ ಎಳೆದರೆ ಎಲಿವೇಟರ್ ಮೇಲೇಳಬೇಕು. ಇದು ಉಲ್ಟಾ ಇದ್ದದ್ದು ಗೊತ್ತಾಗದೆ ನೆಲ ಬಿಟ್ಟರೆ ಕೆಲವೇ ಸೆಕೆಂಡುಗಳಲ್ಲಿ ವಿಮಾನ ನೆಲಕ್ಕೆ ಬೀಳುತ್ತದೆ. ಆಮೇಲೆ ರೇಂಜ್ ಪರೀಕ್ಷೆ, ಟ್ರಾನ್ಸ್‌ಮಿಟರ್‌ನ ಶಕ್ತಿ ತಗ್ಗಿಸುವ ಮೋಡ್‌ನಲ್ಲಿ, ಕೈಪಿಡಿ ಹೇಳಿದಷ್ಟು ಹೆಜ್ಜೆ ದೂರ ಹೋಗಿ ಸ್ಟಿಕ್ ಆಡಿಸಿ, ವಿಮಾನದ ಹತ್ತಿರ ಇನ್ನೊಬ್ಬರು ನಿಂತು ಸರ್ವೋಗಳನ್ನು ನೋಡಲಿ. ಮೋಟಾರು ಓಡುತ್ತಿರುವಾಗಲೂ ಒಮ್ಮೆ ಇದೇ ಪರೀಕ್ಷೆ ಆಗಲಿ, ಆಗ ಅವರು ವಿಮಾನವನ್ನು ಹಿಂದಿನಿಂದ ಗಟ್ಟಿಯಾಗಿ ಹಿಡಿದಿರಬೇಕು, ಪ್ರೊಪೆಲ್ಲರಿನ ಮುಂದೆಯಾಗಲಿ ಅದು ತಿರುಗುವ ನೇರದಲ್ಲಾಗಲಿ ಯಾರೂ ನಿಂತಿರಬಾರದು. ಪ್ರೊಪೆಲ್ಲರಿನ ಅಂಚು ಚೂರೇ ಚೂರು ಸೀಳಿದ್ದರೂ ಅದನ್ನು ಎಸೆದು ಹೊಸದು ಹಾಕಿ. ಗಾಳಿ ಕಡಿಮೆ ಇರುವ ಬೆಳಗಿನ ಹೊತ್ತು ನೋಡಿ, ಗಾಳಿಗೆ ಎದುರಾಗಿ ಬಿಡಿ, ಎತ್ತರಕ್ಕೆ ಹೋದ ಮೇಲೆ ಟ್ರಿಮ್ (ಸ್ಟಿಕ್ ಮುಟ್ಟದೆ ನೇರ ಹಾರುವಂತೆ ಮಾಡುವ ಸಣ್ಣ ಹೊಂದಾಣಿಕೆ) ಸರಿ ಮಾಡಿಕೊಳ್ಳಿ. ಮೊದಲ ಸಲದ ಸ್ಟಿಕ್ ಅನುಭವಸ್ಥರ ಕೈಯಲ್ಲಿದ್ದರೆ ಇನ್ನೂ ಒಳ್ಳೆಯದು, ಅವರು ಟ್ರಿಮ್ ಮಾಡಿ ಕೊಟ್ಟ ಮೇಲೆ ನೀವು ಶುರು ಮಾಡಿ.